ಅಣುವಿನ ತೂಕ, ಅಣುವಿನ ಗುರುತು

ಕವಿತೆ ಕಥೆಗಳ ನಡುವೆ ರಸಾಯನಶಾಸ್ತ್ರದ ಲೇಖನವೊಂದು ನುಸುಳಿರುವುದನ್ನು ಕಂಡು ಕಲಾ ವಿಭಾಗದ ಮಿತ್ರರು ಪುಟ ಮಗುಚಿಬಿಡಬಾರದೆಂದು ಮೊದಲೇ ಬೇಡಿಕೊಳ್ಳುತ್ತೇನೆ. ನಮ್ಮದು ಹೆಸರಿಗೆ ಕಲಾ ಕಾಲೇಜಾದರೂ ಇಲ್ಲಿ ವಿಜ್ಞಾನ ವಿಭಾಗವೂ ಉಂಟು ಎಂಬುದು, ಪ್ರಯೋಗಶಾಲೆಯ ಕೊಳೆತ ಮೊಟ್ಟೆಯ ವಾಸನೆ ಚರಿತ್ರೆಯ ತರಗತಿಯವರೆಗೂ ಹಬ್ಬುವ ದಿನಗಳಲ್ಲಾದರೂ ಎಲ್ಲರಿಗೂ ನೆನಪಾಗುತ್ತದೆ. ಅಲ್ಲದೆ ನಾನು ಎತ್ತಿಕೊಂಡಿರುವ ಪ್ರಶ್ನೆ ಚರಿತ್ರೆ ಓದುವವರಿಗೂ ನ್ಯಾಯಶಾಸ್ತ್ರ ಓದುವವರಿಗೂ ಪರಿಚಿತವಾದದ್ದೇ: ಸಾಕ್ಷಿಯೊಂದು ತಾನಾಗಿ ಎಷ್ಟು ಹೇಳುತ್ತದೆ, ನಾವು ಅದರ ಬಾಯಿಂದ ಎಷ್ಟನ್ನು ಹೇಳಿಸುತ್ತೇವೆ?

ವಿಷಯ ಹೀಗಿದೆ. ಸಾವಯವ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುವವರು ಹೊಸ ಸಂಯುಕ್ತವೊಂದನ್ನು ತಯಾರಿಸಿದರೆ, ಇಲ್ಲವೆ ಗಿಡಮೂಲಿಕೆಯೊಂದರಿಂದ ಬೇರ್ಪಡಿಸಿದರೆ, ಅದು ಇಂಥದೇ ವಸ್ತುವೆಂದು ಸ್ಥಾಪಿಸಬೇಕಾಗುತ್ತದೆ. ಇದಕ್ಕೆ ಇಂದು ಎಲ್ಲೆಡೆಯೂ ಕೇಳುವ ಪ್ರಮಾಣಗಳಲ್ಲಿ ಒಂದು, ಅಧಿಕ ಪೃಥಕ್ಕರಣ ಶಕ್ತಿಯುಳ್ಳ ದ್ರವ್ಯರಾಶಿ ರೋಹಿತಮಾಪಕದಿಂದ ಪಡೆದ ಅಂಕೆ. ಹೆಸರು ಉದ್ದವಾಯಿತು, ಪ್ರಯೋಗಶಾಲೆಗಳಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಮಾತೇ ರೂಢಿಯಲ್ಲಿದೆ, ನಾನೂ ಅದನ್ನೇ ಬಳಸುತ್ತೇನೆ. ಈ ಯಂತ್ರ ಕೋಟಿಗಟ್ಟಲೆ ಬೆಲೆಯದು. ಆದಕಾರಣ ನಮ್ಮ ನಾಡಿನ ಬಹುಪಾಲು ಕಾಲೇಜುಗಳ ಸಂಶೋಧಕರು ತಮ್ಮ ವಸ್ತುವನ್ನು ಒಂದು ಚಿಟಿಕೆಯಷ್ಟು ಪುಟ್ಟ ಶೀಶೆಗೆ ಹಾಕಿ, ಮೇಲೊಂದು ಚೀಟಿ ಅಂಟಿಸಿ, ಯಂತ್ರವಿರುವ ದೊಡ್ಡ ಸಂಸ್ಥೆಗೆ ಕಳುಹಿಸುತ್ತಾರೆ. ಕೆಲವು ದಿನಗಳ ಮೇಲೆ ಒಂದು ಹಾಳೆ ಬರುತ್ತದೆ. ಲೆಕ್ಕ ಹಾಕಿದ ಅಂಕೆ ಒಂದು, ಯಂತ್ರ ಕಂಡ ಅಂಕೆ ಒಂದು. ಎರಡೂ ತಾಳೆಯಾದರೆ ಪ್ರಬಂಧದಲ್ಲಿ ಒಂದು ಸಾಲು ಏರುತ್ತದೆ, ಹಾಳೆ ಕಡತಕ್ಕೆ ಸೇರುತ್ತದೆ. ವಸ್ತುವಿನ ಗುರುತು ಸಿಕ್ಕಿತೆಂದು ಎಲ್ಲರೂ ನಿಶ್ಚಿಂತರಾಗುತ್ತಾರೆ.

ಈ ನಿಶ್ಚಿಂತೆ ಸಲ್ಲದೆಂಬುದು ನನ್ನ ವಾದ. ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನು ಇಂಥ ಮಾತನಾಡುವುದು ಅಧಿಕಪ್ರಸಂಗವೆಂದು ಗುರುಗಳಿಗೆ ತೋರಿದರೆ, ವಾದವನ್ನು ಪೂರ್ತಿ ಕೇಳಿ ಆಮೇಲೆ ದಂಡಿಸಬೇಕೆಂದು ಬಿನ್ನಹ.

ಯಂತ್ರ ಮಾಡುವ ಕೆಲಸವನ್ನು ಮೊದಲು ನೋಡೋಣ. ಸೌದೆ ಅಂಗಡಿಯ ತಕ್ಕಡಿಗೂ ಅಕ್ಕಸಾಲಿಗನ ತಕ್ಕಡಿಗೂ ಇರುವ ಅಂತರ ಎಲ್ಲರಿಗೂ ಗೊತ್ತು. ಮೊದಲನೆಯದಕ್ಕೆ ಒಂದು ಹಿಡಿ ಹೆಚ್ಚಾದರೂ ಕಡಿಮೆಯಾದರೂ ಲೆಕ್ಕಕ್ಕಿಲ್ಲ; ಎರಡನೆಯದು ಗುಲಗಂಜಿಯ ಭಾರಕ್ಕೂ ತೂಗುತ್ತದೆ. ಸಾಧಾರಣ ಮಾಸ್ ಸ್ಪೆಕ್ಟ್ರೋಮೀಟರಿಗೂ ಅಧಿಕ ಪೃಥಕ್ಕರಣದ ಯಂತ್ರಕ್ಕೂ ಇರುವ ಅಂತರ ಸುಮಾರಾಗಿ ಇಂಥದು. ಆದರೆ ಅಣುವನ್ನು ತಟ್ಟೆಯಲ್ಲಿಟ್ಟು ತೂಗುವುದು ಆಗದ ಮಾತು. ಮೊದಲು ಅದಕ್ಕೆ ವಿದ್ಯುದಂಶವನ್ನು ಕೊಟ್ಟು ಅಯಾನಾಗಿ ಮಾಡಬೇಕು. ದ್ರಾವಣವನ್ನು ಸೂಜಿಯ ಮೊನೆಯಿಂದ, ಹೆಚ್ಚಿನ ವಿದ್ಯುತ್ ಒತ್ತಡದಲ್ಲಿ, ಮಂಜಿನಂತೆ ಸಿಂಪಡಿಸಿ ಹೀಗೆ ಮಾಡುವ ಕ್ರಮವನ್ನು ಬೆಳೆಸಿದ ಅಮೆರಿಕದ ಜಾನ್ ಫೆನ್ ಅವರಿಗೆ ೨೦೦೨ರಲ್ಲಿ, ತಮ್ಮ ೮೫ನೆಯ ವಯಸ್ಸಿನಲ್ಲಿ, ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಹೀಗೆ ವಿದ್ಯುದಂಶ ಪಡೆದ ಅಣುಗಳನ್ನು ನಿರ್ವಾತದ ಕೊಳವೆಯಲ್ಲಿ ಒಂದೇ ಶಕ್ತಿಯಿಂದ ತಳ್ಳಿ ಓಡಿಸಿದರೆ ಹಗುರವಾದದ್ದು ಮುಂದೆ, ಭಾರವಾದದ್ದು ಹಿಂದೆ. ಗುರಿ ಮುಟ್ಟಲು ಹಿಡಿದ ಕಾಲದಿಂದ ದ್ರವ್ಯರಾಶಿಯನ್ನು ಎಣಿಸುತ್ತಾರೆ. ಇದು ಒಂದು ಬಗೆಯ ಯಂತ್ರ. ಇನ್ನೊಂದು ಬಗೆಯಲ್ಲಿ ಅಯಾನುಗಳು ಕದಿರಿನ ಆಕಾರದ ಒಂದು ಲೋಹದ ಕಂಬಿಯ ಸುತ್ತ ಸುತ್ತುತ್ತ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತವೆ. ಆ ತೂಗಾಟದ ಎಣಿಕೆಯಿಂದ ದ್ರವ್ಯರಾಶಿ ತಿಳಿಯುತ್ತದೆ. ಅಲೆಕ್ಸಾಂಡರ್ ಮಕರೋವ್ ಅವರು ೨೦೦೦ದಲ್ಲಿ ವಿವರಿಸಿದ ಈ ಯಂತ್ರ, ಆರ್ಬಿಟ್ರ್ಯಾಪ್ ಎಂಬ ಹೆಸರಿನಲ್ಲಿ ೨೦೦೫ರಿಂದ ಮಾರುಕಟ್ಟೆಯಲ್ಲಿದೆ.

ಇವಕ್ಕೆಲ್ಲ ಮೂಲಪುರುಷರು ಕೇಂಬ್ರಿಜ್ಜಿನವರು. ಜೆ. ಜೆ. ಥಾಮ್ಸನ್ ಅವರು ೧೯೧೩ರಲ್ಲಿ ನಿಯಾನ್ ಅನಿಲದ ಪರಮಾಣುಗಳಲ್ಲಿ ೨೦ರ ಭಾರದವೂ ೨೨ರ ಭಾರದವೂ ಇವೆಯೆಂಬುದಕ್ಕೆ ಗುರುತು ಕಂಡರು. ಅವರ ಶಿಷ್ಯ ಆಸ್ಟನ್ ೧೯೧೯ರಲ್ಲಿ ಇನ್ನೂ ಉತ್ತಮವಾದ ಯಂತ್ರ ಕಟ್ಟಿ, ಒಂದರ ಮೇಲೊಂದು ಧಾತುವಿನಲ್ಲಿ ಇಂಥ ಐಸೊಟೋಪುಗಳನ್ನು ತೋರಿಸಿ, ೧೯೨೨ರಲ್ಲಿ ನೊಬೆಲ್ ಪಡೆದರು. ಪರಮಾಣುಗಳ ಭಾರ ಪೂರ್ಣಾಂಕಗಳಿಗೆ ಸಮೀಪವಾಗಿದೆಯೆಂದು ತೋರಿಸಿದವರು ಅವರೇ. ಅದು ಸರಿಯಾಗಿ ಪೂರ್ಣಾಂಕವಲ್ಲ, ಕೂದಲೆಳೆಯಷ್ಟು ಆಚೆ ಈಚೆ ಇದೆ ಎಂದು ೧೯೨೭ರಲ್ಲಿ ಅಳೆದು ಹೇಳಿದವರೂ ಅವರೇ. ಪರಮಾಣುವಿನ ಬೀಜದೊಳಗಿನ ಕಣಗಳು ಒಂದಕ್ಕೊಂದು ಕಟ್ಟುಬೀಳುವಾಗ ಹೊರಬೀಳುವ ಶಕ್ತಿಯಷ್ಟು ದ್ರವ್ಯ ಕಡಿಮೆಯಾಗುತ್ತದೆ. ಈ ಕಟ್ಟು ಒಂದೊಂದು ಧಾತುವಿನಲ್ಲಿ ಒಂದೊಂದು ಬಿಗಿ. ಇಂಗಾಲವನ್ನು ಸರಿಯಾಗಿ ೧೨ ಎಂದು ಇಟ್ಟುಕೊಂಡರೆ ಜಲಜನಕ ೧.೦೦೭೮೨೫, ಸಾರಜನಕ ೧೪.೦೦೩೦೭೪, ಆಮ್ಲಜನಕ ೧೫.೯೯೪೯೧೫. (ಇಂಗಾಲವನ್ನು ಅಳತೆಗೋಲಾಗಿ ಒಪ್ಪಿಕೊಂಡದ್ದು ೧೯೬೦-೬೧ರಲ್ಲಿ. ಅದಕ್ಕೆ ಹಿಂದೆ ಭೌತವಿಜ್ಞಾನಿಗಳೂ ರಸಾಯನಜ್ಞರೂ ಆಮ್ಲಜನಕವನ್ನೇ ೧೬ ಎನ್ನುತ್ತಿದ್ದರು. ಒಬ್ಬರದು ಒಂದೇ ಐಸೊಟೋಪು, ಇನ್ನೊಬ್ಬರದು ಗಾಳಿಯಲ್ಲಿರುವ ಬೆರಕೆ. ಪಕ್ಕದ ಮನೆಯವರು ಎರಡು ಸೇರುಗಳನ್ನಿಟ್ಟುಕೊಂಡು ಭತ್ತ ಅಳೆದಂತೆ ಬಹುಕಾಲ ನಡೆಯಿತು.)

ಈ ಕೂದಲೆಳೆಯ ಅಂತರವೇ ರಸಾಯನಜ್ಞನ ಬಂಡವಾಳ. ಇಂಗಾಲದ ಮಾನಾಕ್ಸೈಡ್, ಸಾರಜನಕ, ಎಥಿಲೀನ್ ಈ ಮೂರು ಅನಿಲಗಳ ಭಾರವನ್ನೂ ನಾವು ತರಗತಿಯಲ್ಲಿ ೨೮ ಎಂದೇ ಬರೆಯುತ್ತೇವೆ. ಸೂಕ್ಷ್ಮವಾಗಿ ನೋಡಿದರೆ ಮೊದಲನೆಯದು ೨೭.೯೯೪೯, ಎರಡನೆಯದು ೨೮.೦೦೬೧, ಮೂರನೆಯದು ೨೮.೦೩೧೩. ತಕ್ಕಡಿ ಅಷ್ಟು ಸೂಕ್ಷ್ಮವಾಗಿದ್ದರೆ ತೂಕದಿಂದಲೇ ಅಣುವಿನೊಳಗೆ ಯಾವ ಧಾತು ಎಷ್ಟಿದೆಯೆಂದು, ಎಂದರೆ ಅಣುಸೂತ್ರವನ್ನು, ಊಹಿಸಬಹುದು. ಮ್ಯಾಂಚೆಸ್ಟರಿನ ಬೈನನ್ ಅವರು ೧೯೫೪ರಲ್ಲಿ ಇದನ್ನು ಸಾವಯವ ಸಂಯುಕ್ತಗಳ ವಿಷಯದಲ್ಲಿ ಎತ್ತಿ ತೋರಿಸಿದರು. ಅಲ್ಲಿಯವರೆಗೆ ಸೂತ್ರ ತಿಳಿಯಲು ವಸ್ತುವನ್ನು ಸುಡಬೇಕಾಗಿತ್ತು: ಲೀಬಿಗ್ ೧೮೩೧ರಲ್ಲಿ ರೂಢಿಗೆ ತಂದ ಕ್ರಮದಂತೆ ಉರಿಸಿ, ಹುಟ್ಟಿದ ಇಂಗಾಲಾಮ್ಲವನ್ನೂ ನೀರನ್ನೂ ಹಿಡಿದು ತೂಗಬೇಕಾಗಿತ್ತು. ತಿಂಗಳುಗಟ್ಟಲೆ ದುಡಿದು ಬೇರ್ಪಡಿಸಿದ ಕೆಲವೇ ಮಿಲಿಗ್ರಾಂ ವಸ್ತು ಹೀಗೆ ಹೊಗೆಯಾಗಿ ಹೋಗುತ್ತಿತ್ತು. ಹೊಸ ಯಂತ್ರಕ್ಕೆ ಅದರ ಸಾವಿರದಲ್ಲೊಂದು ಪಾಲೂ ಧಾರಾಳವಾಯಿತು. ಇದು ಸಣ್ಣ ಉಪಕಾರವಲ್ಲ. ನಾನು ಮುಂದೆ ಹೇಳಲಿರುವುದನ್ನು ಯಂತ್ರದ ನಿಂದೆಯೆಂದು ಯಾರೂ ಭಾವಿಸಬಾರದು.

ನಮ್ಮ ನೆಲದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಚಿಕ್ಕಮಗಳೂರಿನ ಕಾಫಿಯಲ್ಲಿರುವ ಕೆಫೀನಿನ ಅಣುವಿನಲ್ಲಿ ಇಂಗಾಲ ೮, ಜಲಜನಕ ೧೦, ಸಾರಜನಕ ೪, ಆಮ್ಲಜನಕ ೨. ಅದು ಯಂತ್ರದೊಳಗೆ ಒಂದು ಪ್ರೋಟಾನನ್ನು ಹಿಡಿದುಕೊಂಡು ೧೯೫.೦೮೭೭ರಲ್ಲಿ ಕಾಣಿಸುತ್ತದೆ. ನಮ್ಮ ರಾಗಿಯ ಹೊಟ್ಟಿನಲ್ಲಿ ಫೆರುಲಿಕ್ ಆಮ್ಲವೆಂಬ ವಸ್ತುವೊಂದಿದೆ. ಅದೂ ಹೀಗೆಯೇ ಪ್ರೋಟಾನು ಹಿಡಿದರೆ ೧೯೫.೦೬೫೨. ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ತಯಾರಿಸುವುದುಂಟಾದ ೨-ಫೀನೈಲ್ ಬೆಂಜಿಮಿಡಜೋಲ್ ೧೯೫.೦೯೧೭. ಸಾಧಾರಣ ಯಂತ್ರಕ್ಕೆ ಮೂರೂ ೧೯೫. ಸೂಕ್ಷ್ಮಯಂತ್ರಕ್ಕೆ ಮೂರೂ ಬೇರೆ. ಇಲ್ಲಿ ಎರಡು ಗುಣಗಳನ್ನು ಬೇರೆಬೇರೆಯಾಗಿ ಕಾಣಬೇಕು, ಏಕೆಂದರೆ ನಮ್ಮಲ್ಲಿ ಅನೇಕರು ಇವೆರಡನ್ನೂ ಒಂದೇ ಎಂದು ತಿಳಿದಿರುತ್ತಾರೆ. ಬೆರೆತು ಬಂದ ಎರಡು ವಸ್ತುಗಳನ್ನು ಎರಡಾಗಿಯೇ ಕಾಣುವ ಶಕ್ತಿ ಪೃಥಕ್ಕರಣ. ಕೆಫೀನನ್ನೂ ಫೆರುಲಿಕ್ ಆಮ್ಲವನ್ನೂ ಬಿಡಿಸಿ ನೋಡಲು ಸುಮಾರು ೯,೦೦೦ದ ಪೃಥಕ್ಕರಣ ಸಾಕು. ಕೆಫೀನನ್ನೂ ಬೆಂಜಿಮಿಡಜೋಲನ್ನೂ ಬಿಡಿಸಲು ೪೮,೦೦೦ಕ್ಕೂ ಮಿಕ್ಕಿ ಬೇಕು. ಕಂಡದ್ದರ ಭಾರವನ್ನು ಸರಿಯಾಗಿ ಹೇಳುವ ಗುಣ ನಿಖರತೆ. ಅದನ್ನು ದಶಲಕ್ಷಕ್ಕೆ ಎಷ್ಟು ಭಾಗ ತಪ್ಪು ಎಂದು ಅಳೆಯುತ್ತಾರೆ. ಬಹಳ ಪತ್ರಿಕೆಗಳು ಕೇಳುವುದು ದಶಲಕ್ಷಕ್ಕೆ ಐದರೊಳಗೆ. ಪೃಥಕ್ಕರಣ ಸಾಲದೆ ಎರಡು ವಸ್ತುಗಳು ಒಂದೇ ಗೆರೆಯಾಗಿ ಕಂಡರೆ, ನಾಲ್ಕು ದಶಾಂಶಗಳ ಅಂಕೆ ಎರಡರ ನಡುವೆ ಎಲ್ಲೋ ಬಿದ್ದಿರುತ್ತದೆ. ಅದು ಯಾರ ತೂಕವೂ ಅಲ್ಲ.

ಇನ್ನು ಸಾಕ್ಷಿಯ ಮಿತಿಗೆ ಬರೋಣ.

ಚಿಕ್ಕ ಅಣುಗಳಲ್ಲಿ ಅಂಕೆ ಒಂದೇ ಸೂತ್ರವನ್ನು ತೋರಿಸಬಹುದು. ಅಣು ದೊಡ್ಡದಾದಂತೆ, ಗಂಧಕ, ರಂಜಕ, ಕ್ಲೋರಿನ್ ಮುಂತಾದವುಗಳಿಗೂ ಎಡೆಗೊಟ್ಟಂತೆ, ಒಂದೇ ಅಂಕೆಯ ಆಸುಪಾಸಿನಲ್ಲಿ ಹತ್ತು, ನೂರು ಸೂತ್ರಗಳು ಮುತ್ತಿಕೊಳ್ಳುತ್ತವೆ. ಕ್ಯಾಲಿಫೋರ್ನಿಯದ ಕಿಂಡ್ ಮತ್ತು ಫೀನ್ ಎಂಬುವರು ೨೦೦೬ರಲ್ಲಿ ಲೆಕ್ಕ ಹಾಕಿ ತೋರಿಸಿದ್ದೇನೆಂದರೆ, ನಿಖರತೆ ದಶಲಕ್ಷಕ್ಕೆ ಒಂದಕ್ಕಿಂತ ಉತ್ತಮವಾಗಿದ್ದರೂ ಬರಿಯ ತೂಕದಿಂದ ಸೂತ್ರವನ್ನು ನಿರ್ಣಯಿಸಲಾಗದು. ಆದರೆ ಅದರ ಜೊತೆಗೆ ಐಸೊಟೋಪುಗಳ ಗೆರೆಗಳನ್ನು ನೋಡಿದರೆ ಸುಳ್ಳು ಸೂತ್ರಗಳಲ್ಲಿ ನೂರಕ್ಕೆ ೯೫ಕ್ಕೂ ಹೆಚ್ಚು ಬಿದ್ದುಹೋಗುತ್ತವೆ. ಐಸೊಟೋಪಿನ ಗೆರೆಯೆಂದರೇನು? ನಿಸರ್ಗದ ಇಂಗಾಲದಲ್ಲಿ ನೂರಕ್ಕೆ ಸುಮಾರು ೧.೧ ಪಾಲು ೧೩ರ ಭಾರದ್ದು. ಆದ್ದರಿಂದ ೧೯೫ರ ಪಕ್ಕದಲ್ಲಿ ೧೯೬ರಲ್ಲಿಯೂ ಒಂದು ಕಿರಿಯ ಗೆರೆ ಇರುತ್ತದೆ. ಎಂಟು ಇಂಗಾಲದ ಕೆಫೀನಿನಲ್ಲಿ ಅದು ಹಿರಿಯ ಗೆರೆಯ ನೂರಕ್ಕೆ ಸುಮಾರು ೧೦. ಹದಿಮೂರು ಇಂಗಾಲದ ಬೆಂಜಿಮಿಡಜೋಲಿನಲ್ಲಿ ಸುಮಾರು ೧೫. ಕ್ಲೋರಿನ್ ಇದ್ದರೆ ಎರಡು ಮಾನ ಆಚೆಗೆ ಮೂರಕ್ಕೆ ಒಂದರಂತೆ ಇನ್ನೊಂದು ಗೆರೆ; ಬ್ರೋಮಿನ್ ಇದ್ದರೆ ಸರಿಸಮವಾದ ಜೋಡಿ ಗೆರೆಗಳು, ಅವಳಿ ಮಕ್ಕಳಂತೆ. ಇವನ್ನೆಲ್ಲ ಯಂತ್ರ ಪುಕ್ಕಟೆಯಾಗಿ ಬರೆದುಕೊಡುತ್ತದೆ. ಆದರೆ ನಮ್ಮ ಪ್ರಬಂಧಕ್ಕೆ ಏರುವುದು ಒಂದೇ ಅಂಕೆ. ಕಾಗದದ ಒಕ್ಕಣೆಯನ್ನೆಲ್ಲ ಬಿಟ್ಟು ತಾರೀಖನ್ನು ಮಾತ್ರ ನಕಲು ಮಾಡಿಟ್ಟುಕೊಂಡ ಹಾಗಾಯಿತು.

ಸೂತ್ರ ನಿಸ್ಸಂದೇಹವಾಗಿ ದೊರೆಯಿತೆನ್ನೋಣ. ಆಗಲಾದರೂ ಅಣುವಿನ ಗುರುತು ಸಿಕ್ಕಿತೆ? ಚರಿತ್ರೆಯ ಮಿತ್ರರನ್ನು ಕೇಳುತ್ತೇನೆ. ರಾಷ್ಟ್ರಕೂಟರ ಶಾಸನವೊಂದರಲ್ಲಿ ಕೃಷ್ಣನೆಂಬ ಅರಸನ ಹೆಸರು ಕಂಡಿತು. ಯಾವ ಕೃಷ್ಣ? ಎಲ್ಲೋರದ ಕೈಲಾಸ ದೇವಾಲಯವನ್ನು ಕೊರೆಸಿದ ಒಂದನೆಯ ಕೃಷ್ಣನೋ, ತಕ್ಕೋಲದಲ್ಲಿ ಚೋಳರನ್ನು ಮುರಿದ ಮೂರನೆಯವನೋ, ನಡುವಿನ ಎರಡನೆಯವನೋ? ಅಕಾಲವರ್ಷನೆಂಬ ಬಿರುದೂ ಮೂವರದೇ. ಲಿಪಿಯನ್ನು ನೋಡಬೇಕು, ಶಕವರ್ಷವನ್ನು ನೋಡಬೇಕು, ಸಾಮಂತರ ಹೆಸರನ್ನು ನೋಡಬೇಕು. ಹೆಸರೊಂದನ್ನೇ ಹಿಡಿದು ನಿರ್ಣಯಿಸಿದವನಿಗೆ ಪರೀಕ್ಷೆಯಲ್ಲಿ ಸೊನ್ನೆ.

ರಸಾಯನಶಾಸ್ತ್ರದಲ್ಲಿಯೂ ಇಂಥ ಮೂವರು ಇದ್ದಾರೆ. ಕೆಫೀನಿನ ಮೂರು ಮೀಥೈಲ್ ಗುಂಪುಗಳಲ್ಲಿ ಒಂದನ್ನು ತೆಗೆದರೆ ಮೂರು ಬೇರೆಬೇರೆ ವಸ್ತುಗಳು ಆಗುತ್ತವೆ, ಯಾವುದನ್ನು ತೆಗೆದೆವೆಂಬುದರ ಮೇಲೆ. ಒಂದು ಥಿಯೊಬ್ರೋಮಿನ್: ಪುತ್ತೂರಿನ ಕಡೆ ಅಡಿಕೆ ತೋಟದ ನೆರಳಿನಲ್ಲಿ ಬೆಳೆಯುವ ಕೋಕೋ ಬೀಜದಲ್ಲಿರುವುದು, ಚಾಕಲೇಟಿನ ಕಹಿಗೆ ಒಂದು ಕಾರಣ. ಇನ್ನೊಂದು ಥಿಯೊಫಿಲಿನ್: ಗೂರಲುರೋಗಿಗಳಿಗೆ ಕೊಡುವ ಔಷಧ, ಪ್ರಮಾಣ ಸ್ವಲ್ಪ ಮೀರಿದರೂ ಅಪಾಯ. ಮೂರನೆಯದು ಪ್ಯಾರಜ್ಯಾಂಥಿನ್: ನಾವು ಕಾಫಿ ಕುಡಿದ ಮೇಲೆ ನಮ್ಮ ದೇಹವೇ ಕೆಫೀನಿನಿಂದ ಮಾಡುವುದು. ಮೂರರ ಸೂತ್ರವೂ ಒಂದೇ. ಯಂತ್ರದಲ್ಲಿ ಮೂರೂ ೧೮೧.೦೭೨೦. ಇನ್ನೂ ಒಂದೆರಡು ದಶಾಂಶಗಳವರೆಗೆ ಅಳೆದರೂ ಮೂರೂ ಒಂದೇ, ಏಕೆಂದರೆ ಒಂದೇ ಪರಮಾಣುಗಳು ಒಂದೇ ಸಂಖ್ಯೆಯಲ್ಲಿವೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಇಲ್ಲಿ ನೆನೆಯಬಹುದು. ಇದು ಯಂತ್ರದ ದೋಷವಲ್ಲ, ಇನ್ನೂ ಬೆಲೆಯ ಯಂತ್ರವನ್ನು ಕೊಂಡು ತಂದು ಪರಿಹರಿಸಿಕೊಳ್ಳಬಹುದಾದ ಕೊರತೆಯೂ ಅಲ್ಲ. ನಾವು ಕೇಳಿದ್ದು ತೂಕ, ಅದು ಹೇಳಿದ್ದು ತೂಕ.

ಅಣುವನ್ನು ಒಡೆದು ನೋಡಿದರೆ ಸ್ವಲ್ಪ ಮುಂದಕ್ಕೆ ಹೋಗಬಹುದು. ಆರಿಸಿಕೊಂಡ ಅಯಾನನ್ನು ಯಂತ್ರದೊಳಗೇ ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ ಚೂರುಮಾಡಿ ಚೂರುಗಳನ್ನು ತೂಗುತ್ತಾರೆ. ಥಿಯೊಬ್ರೋಮಿನಿನ ಒಂದನೆಯ ಸ್ಥಾನದ ಸಾರಜನಕದ ಮೇಲೆ ಬರಿಯ ಜಲಜನಕವಿದೆ. ಆದ್ದರಿಂದ ಅದು ಮುರಿದಾಗ ೪೩ರ ಚೂರು ಉದುರಿ ೧೩೮.೦೬೬೨ ಉಳಿಯುತ್ತದೆ. ಥಿಯೊಫಿಲಿನಿನಲ್ಲಿ ಅದೇ ಸ್ಥಾನದಲ್ಲಿ ಮೀಥೈಲ್ ಇದೆ; ೫೭ರ ಚೂರು ಉದುರಿ ೧೨೪.೦೫೦೫ ಉಳಿಯುತ್ತದೆ. ಕೋಕೋವಿಗೂ ಔಷಧಕ್ಕೂ ಇರುವ ಭೇದ ಹೀಗೆ ಹೊರಪಟ್ಟಿತು. ಆದರೆ ಪ್ಯಾರಜ್ಯಾಂಥಿನಿನಲ್ಲಿಯೂ ಒಂದನೆಯ ಸ್ಥಾನದಲ್ಲಿ ಮೀಥೈಲ್ ಇರುವುದರಿಂದ ಅದೂ ೧೨೪ನ್ನೇ ಮುಖ್ಯವಾಗಿ ತೋರಿಸುತ್ತದೆ! ಗೂರಲುರೋಗಿಯೊಬ್ಬನು ಥಿಯೊಫಿಲಿನನ್ನೂ ನುಂಗಿ ಕಾಫಿಯನ್ನೂ ಕುಡಿದಿದ್ದರೆ ಅವನ ರಕ್ತದಲ್ಲಿ ಎರಡೂ ಇರುತ್ತವೆ. ತೂಕವೂ ಚೂರೂ ಒಂದೇ ಆದ ಇವೆರಡನ್ನು ಮೊದಲು ಕ್ರೊಮಟಾಗ್ರಫಿಯ ಕೊಳವೆಯಲ್ಲಿ ಬೇರೆಯಾಗಿ ಇಳಿಸಿ, ಶುದ್ಧವಾದ ಮಾದರಿ ವಸ್ತು ಇಳಿಯುವ ಕಾಲದೊಡನೆ ಹೋಲಿಸಿದ ಮೇಲೆಯೇ ಔಷಧ ಎಷ್ಟಿದೆಯೆಂದು ವೈದ್ಯರಿಗೆ ಹೇಳಬಹುದು. ಹಾಗೆ ಮಾಡದೆ ಎರಡನ್ನೂ ಕೂಡಿಸಿ ಓದಿದರೆ ಕೆಡುಕಾಗುವುದು ಪ್ರಬಂಧಕ್ಕಲ್ಲ, ರೋಗಿಗೆ.

ಪಂಡಿತರ ಲೋಕದಲ್ಲಿಯೂ ಇಂಥದು ನಡೆದಿದೆ. ಹೆಕ್ಸಾಸೈಕ್ಲಿನಾಲ್ ಎಂಬ ವಸ್ತುವನ್ನು ಸೈಬೀರಿಯದ ಒಂದು ಅಣಬೆಯಿಂದ ಬೇರ್ಪಡಿಸಿ ೨೦೦೨ರಲ್ಲಿ ಅದಕ್ಕೊಂದು ರಚನೆಯನ್ನು ಹೇಳಲಾಯಿತು. ೨೦೦೬ರಲ್ಲಿ ಆ ರಚನೆಯನ್ನೇ ಪ್ರಯೋಗಶಾಲೆಯಲ್ಲಿ ಕಟ್ಟಿದ್ದಾಗಿ ಒಂದು ಲೇಖನವೂ ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ರಿಚ್ನಾವ್‌ಸ್ಕಿ ಅವರು ಆ ರಚನೆಗೆ ಇಂಗಾಲದ ಕಾಂತೀಯ ರೋಹಿತ ಹೇಗಿರಬೇಕೆಂದು ಗಣಿಸಿ, ಅದು ಅಳೆದ ರೋಹಿತಕ್ಕೆ ಹೊಂದುವುದಿಲ್ಲವೆಂದು ತೋರಿಸಿ, ಬೇರೆ ರಚನೆಯನ್ನು ಸೂಚಿಸಿದರು. ಪೋರ್ಕೋ ಅವರ ತಂಡ ಆ ಸೂಚಿತ ರಚನೆಯನ್ನು ನಿಜವಾಗಿಯೇ ಕಟ್ಟಿತು. ನಿಸರ್ಗದ ವಸ್ತುವಿಗೆ ಅದು ಹೊಂದಿತು. ಮೊದಲ ಸಂಶ್ಲೇಷಣೆಯ ಲೇಖನವನ್ನು ೨೦೧೨ರಲ್ಲಿ ಹಿಂತೆಗೆದುಕೊಂಡರು. ಈ ಕಥೆಯಲ್ಲಿ ಗಮನಿಸಬೇಕಾದ್ದು, ತಪ್ಪು ರಚನೆಗೂ ಸರಿಯಾದ ರಚನೆಗೂ ಅಣುಸೂತ್ರ ಒಂದೇ: ಇಂಗಾಲ ೨೩, ಜಲಜನಕ ೨೮, ಆಮ್ಲಜನಕ ೭. ತೂಕವನ್ನು ಎಷ್ಟು ಸೂಕ್ಷ್ಮವಾಗಿ ಅಳೆದಿದ್ದರೂ ಅದು ಎರಡು ರಚನೆಗಳಿಗೂ ಒಂದೇ ಸಮನೆ ಹೌದೆನ್ನುತ್ತಿತ್ತು.

೨೦೧೪ರಲ್ಲಿ ಸ್ವಿಟ್ಜರ್ಲೆಂಡಿನ ಶೈಮಾನ್ಸ್ಕಿ ಮುಂತಾದ ವಿದ್ವಾಂಸರು ಈ ಯಂತ್ರದಿಂದ ಗುರುತಿಸಿದ ವಸ್ತುಗಳಿಗೆ ನಂಬಿಕೆಯ ಐದು ಮೆಟ್ಟಿಲುಗಳನ್ನು ಕಟ್ಟಿದರು. ಶುದ್ಧ ಮಾದರಿಯೊಡನೆ ಹೋಲಿಸಿ ಸ್ಥಿರಪಡಿಸಿದ್ದು ಒಂದನೆಯದು, ಎಲ್ಲಕ್ಕೂ ಮೇಲಿನದು. ಸಂದೇಹವಿಲ್ಲದ ಅಣುಸೂತ್ರ ನಾಲ್ಕನೆಯದು. ಬರಿಯ ನ��ಖರ ದ್ರವ್ಯರಾಶಿ ಐದನೆಯದು, ಎಲ್ಲಕ್ಕೂ ಕೆಳಗಿನದು. ಇದನ್ನು ಓದಿದಾಗ ನನಗೆ ಆಶ್ಚರ್ಯವಾದದ್ದು, ಕೆಳಗಿನ ಮೆಟ್ಟಿಲಿನಲ್ಲಿ ನಿಂತುಕೊಂಡೇ ಮಾಳಿಗೆ ಹತ್ತಿದೆವೆಂದು ಹೇಳುವ ಲೇಖನಗಳು ನಮ್ಮಲ್ಲಿ ಎಷ್ಟಿವೆ ಎಂದು. ಯಾವುದೋ ಗಿಡದ ಎಲೆಯನ್ನು ಒಣಗಿಸಿ, ಮದ್ಯಸಾರದಲ್ಲಿ ನೆನೆಸಿ, ಯಂತ್ರಕ್ಕೆ ಹಾಕಿ, ಬಂದ ತೂಕಗಳಿಗೆಲ್ಲ ಗಣಕಯಂತ್ರ ಹೇಳಿದ ಹೆಸರುಗಳನ್ನು ಬರೆದು, ಈ ಎಲೆಯಲ್ಲಿ ಇಂತಿಷ್ಟು ಔಷಧಗಳಿವೆಯೆಂದು ಪಟ್ಟಿ ಕೊಡುತ್ತಾರೆ. ಯಾವ ಗಿಡವೂ ಮಾಡಲಾರದ, ಕಾರ್ಖಾನೆಯ ವಸ್ತುಗಳೂ ಆ ಪಟ್ಟಿಗಳಲ್ಲಿ ಸೇರಿಕೊಂಡಿರುವುದುಂಟು. ನಮ್ಮ ಹಳ್ಳಿಗಳ ವೈದ್ಯಕ್ಕೆ ವಿಜ್ಞಾನದ ಆಧಾರ ಸಿಗಬೇಕೆಂಬ ಆಸೆ ನನಗೂ ಇದೆ. ಆಧಾರವೇ ಇಷ್ಟು ಸಡಿಲವಾಗಿದ್ದರೆ ಗಿಡಕ್ಕೂ ಅವಮಾನ, ವೈದ್ಯನಿಗೂ ಅವಮಾನ.

ಅಂಕೆಗಳ ಬಗೆಗೂ ಒಂದು ಮಾತು. ಅಳತೆಯೆಂದ ಮೇಲೆ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರಬೇಕು. ಒಂದು ಪ್ರಬಂಧದ ಇಪ್ಪತ್ತು ಸಂಯುಕ್ತಗಳಲ್ಲಿ ಇಪ್ಪತ್ತಕ್ಕೂ ಕಂಡ ಅಂಕೆ ಲೆಕ್ಕದ ಅಂಕೆಗೆ ನಾಲ್ಕನೆಯ ದಶಾಂಶದವರೆಗೂ ಸರಿಹೋದರೆ ಬೆನ್ನು ತಟ್ಟುವುದಕ್ಕಿಂತ ಮೂಲ ಹಾಳೆಗಳನ್ನು ತರಿಸಿ ನೋಡುವುದು ಮೇಲು. ಲೆಕ್ಕದ ಅಂಕೆಯೂ ಸರಿಯಾಗಿರಬೇಕಷ್ಟೆ. ಕೆಫೀನಿಗೆ ಸೇರುವುದು ಪ್ರೋಟಾನು. ಅದರ ಬದಲು ಇಡಿಯ ಜಲಜನಕ ಪರಮಾಣುವನ್ನು ಕೂಡಿಸಿದರೆ ಉತ್ತರ ೧೯೫.೦೮೮೨ ಆಗುತ್ತದೆ. ಒಂದು ಎಲೆಕ್ಟ್ರಾನಿನ ಭಾರ, ೦.೦೦೦೫೫, ಹೆಚ್ಚಾಯಿತು. ಅಷ್ಟೇ ತಾನೆ ಎನ್ನಬೇಡಿ; ದಶಲಕ್ಷಕ್ಕೆ ೨.೮ರಷ್ಟು ತಪ್ಪು ಅದು, ಪತ್ರಿಕೆಗಳು ಕೊಡುವ ಐದರ ಸಲುಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯೇ ತೀರಿಹೋಯಿತು. ಬರ್ಲಿನ್ನಿನ ಕ್ರಿಸ್ಟ್‌ಮನ್ ಎಂಬ ರಸಾಯನಜ್ಞರು ಪ್ರಕಟವಾದ ಲೇಖನಗಳ ೩,೦೦೦ ಪೂರಕ ದಾಖಲೆಗಳನ್ನು ತೆಗೆದುಕೊಂಡು, ಅವುಗಳಲ್ಲಿನ ನಿಖರ ದ್ರವ್ಯರಾಶಿಯ ಅಂಕೆಗಳನ್ನು ಗಣಕಯಂತ್ರದಿಂದ ತಾಳೆ ನೋಡಿ ೨೦೨೫ರಲ್ಲಿ ಬರೆದಿದ್ದಾರೆ. ಇಂಥ ಲೆಕ್ಕದ ತಪ್ಪುಗಳು ಹೆಸರಾಂತ ಪ್ರಯೋಗಶಾಲೆಗಳಲ್ಲಿಯೂ ಅಪರೂಪವಲ್ಲವೆಂದು ಅದರಿಂದ ತಿಳಿಯುತ್ತದೆ. ಯಂತ್ರ ಕೋಟಿ ರೂಪಾಯಿಯದು, ಕೂಡಿಸುವ ಕಳೆಯುವ ಲೆಕ್ಕ ಮಾತ್ರ ಒಂದನೆಯ ತರಗತಿಯದು, ಎಡವಿದ್ದು ಎರಡನೆಯದರಲ್ಲಿ.

ಹಾಗಾದರೆ ಮಾಡಬೇಕಾದ್ದೇನು? ಯಂತ್ರವನ್ನೇ ಕಾಣದ ನಮ್ಮಂಥ ಕಾಲೇಜಿನಲ್ಲಿ ಇದನ್ನು ಕಲಿಸುವುದು ಹೇಗೆಂದು ಅಧ್ಯಾಪಕರೊಬ್ಬರು ಕೇಳಿದರು. ಸವಿನಯವಾಗಿ ಹೇಳುತ್ತೇನೆ: ಚಂದ್ರಗುಪ್ತನನ್ನು ಕಾಣದೆಯೇ ಪಕ್ಕದ ಕೋಣೆಯಲ್ಲಿ ಮೌರ್ಯರ ಚರಿತ್ರೆಯನ್ನು ಕಲಿಸುತ್ತಿದ್ದಾರೆ. ನಮಗೆ ಬೇಕಾದ್ದು ಯಂತ್ರಕ್ಕಿಂತ ಮುಂಚೆ ಹಾಳೆಯನ್ನು ಓದುವ ಅಭ್ಯಾಸ. ಜಪಾನಿನಲ್ಲಿ ಮೊದಲಾದ ಮಾಸ್‌ಬ್ಯಾಂಕ್ ಎಂಬ ಭಂಡಾರದಲ್ಲಿ ಸಾವಿರಾರು ನಿಜವಾದ ರೋಹಿತಗಳು ಯಾರು ಬೇಕಾದರೂ ನೋಡುವಂತೆ ಹಣವಿಲ್ಲದೆ ದೊರೆಯುತ್ತವೆ. ಕೆಫೀನಿನದೂ ಇದೆ, ಥಿಯೊಫಿಲಿನಿನದೂ ಇದೆ. ಒಂದು ಪೆನ್ಸಿಲು, ಧಾತುಗಳ ನಿಖರ ಭಾರದ ಒಂದು ಪಟ್ಟಿ, ಒಂದು ಮಧ್ಯಾಹ್ನ, ಇಷ್ಟಿದ್ದರೆ ತರಗತಿ ನಡೆಯುತ್ತದೆ. ಪಾಠಪಟ್ಟಿಯಲ್ಲಿ ಇಲ್ಲವೆಂಬ ಮಾತೂ ಬಂದೀತು. ಪಾಠಪಟ್ಟಿಯಲ್ಲಿ ಇಲ್ಲದ ಚರ್ಚಾಸ್ಪರ್ಧೆಗೂ ನಾಟಕಕ್ಕೂ ನಾವು ವಾರಗಟ್ಟಲೆ ಹೊತ್ತು ಹೊಂದಿಸಿಕೊಳ್ಳುತ್ತೇವಲ್ಲ.

ಸ್ನಾತಕೋತ್ತರಕ್ಕೆ ಹೋಗುವ ಗೆಳೆಯರಲ್ಲಿ ಇನ್ನೊಂದು ಕೋರಿಕೆ. ವಸ್ತುವನ್ನು ಹೊರಗೆ ಕಳುಹಿಸುವಾಗ ಅಂಕೆಯನ್ನು ಮಾತ್ರ ಕೇಳಬೇಡಿ. ಇಡಿಯ ರೋಹಿತವನ್ನು, ಐಸೊಟೋಪಿನ ಗೆರೆಗಳ ಸಮೇತ, ಕೇಳಿ ಪಡೆಯಿರಿ. ಆ ದಿನ ಯಂತ್ರವನ್ನು ಯಾವ ವಸ್ತುವಿನಿಂದ ಸರಿಹೊಂದಿಸಿಕೊಂಡಿದ್ದರೆಂದೂ ಕೇಳಿರಿ. ಕೇಳಿದರೆ ಸಿಡುಕುವವರೂ ಇರಬಹುದು. ಆದರೆ ಶುಲ್ಕ ಕೊಟ್ಟವರು ನೀವು. ಜೊತೆಗೆ ಕಾಂತೀಯ ರೋಹಿತವನ್ನೂ ದ್ರವನಬಿಂದುವನ್ನೂ ಇಟ್ಟುಕೊಳ್ಳಿರಿ. ಶೀಶೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉಪ್ಪೇ ಇದ್ದರೂ ಯಂತ್ರ ಮಿಕ್ಕ ಒಂದು ಪಾಲಿನ ತೂಕವನ್ನು ಸರಿಯಾಗಿಯೇ ಹೇಳಿಬಿಡುತ್ತದೆ. ಶುದ್ಧತೆಯ ಸುದ್ದಿ ಅದಕ್ಕೆ ಬೇಡ.

ಚಹಾಪುಡಿಯಿಂದ ಕೆಫೀನನ್ನು ಬೇರ್ಪಡಿಸುವ ಪ್ರಯೋಗ ಹೇಗೂ ಇದೆ. ಬಿಳಿಯ ಸೂಜಿಗಳಂಥ ಹರಳು ಕೈಗೆ ಬಂದಾಗ ರೆಕಾರ್ಡ್ ಪುಸ್ತಕದಲ್ಲಿ ‘ಕೆಫೀನ್ ದೊರೆಯಿತು’ ಎಂದು ಬರೆದು ಸಹಿ ಮಾಡಿಸಿಕೊಳ್ಳುತ್ತೇವೆ. ಮುಂದಿನ ವರ್ಷದಿಂದ ಅದರ ಕೆಳಗೆ ಎರಡು ಸಾಲು ಬಿಟ್ಟಿರಬೇಕೆಂದು ವಿಭಾಗದ ಮುಖ್ಯಸ್ಥರಲ್ಲಿ ಅರಿಕೆ ಮಾಡಿಕೊಂಡಿದ್ದೇನೆ. ಕೆಫೀನೆಂದು ನಿಮಗೆ ಹೇಗೆ ಗೊತ್ತಾಯಿತು ಎಂಬುದಕ್ಕೆ ಒಂದು ಸಾಲು. ಇದೇ ಸೂತ್ರವಿರುವ ಬೇರೆ ವಸ್ತು ಅದಲ್ಲವೆಂದು ಹೇಗೆ ಗೊತ್ತಾಯಿತು ಎಂಬುದಕ್ಕೆ ಇನ್ನೊಂದು. ಅವರು ಆಗಲಿ, ನೋಡೋಣ ಎಂದಿದ್ದಾರೆ.